ಮೂರನೇ ದಾನಿ

ವೈರಾಣು ವಿಭಾಗದಲ್ಲಿ ದೊಡ್ಡ ಸಾರ್‌ಗೂ ಸೂಜಿ ಮೇಡಂಗೂ ಎಣ್ಣೆ ಸೀಗೇಕಾಯಿ ಎಂಬುದು, ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಕ್ಯಾಂಟೀನು ಎಲ್ಲಿದೆ ಎಂದು ಗೊತ್ತಾಗುವ ಮುಂಚೆಯೇ ಗೊತ್ತಾಗುತ್ತಿತ್ತು. ಇಬ್ಬರ ಪ್ರಯೋಗಾಲಯಗಳೂ ಒಂದೇ ಕಾರಿಡಾರಿನಲ್ಲಿ ಎದುರುಬದುರು. ನಡುವೆ, ಗಡಿಕಲ್ಲಿನ ಹಾಗೆ, ವಿಭಾಗಕ್ಕೆಲ್ಲ ಒಂದೇ ಆದ ದೊಡ್ಡ ಫ್ರೀಜರು. ಮೇಲಿನ ಅರೆಗಳು ಅವರವು, ಕೆಳಗಿನವು ಇವಳವು. ಅವರು ತಮ್ಮ ಡಬ್ಬಿ ತೆಗೆಯುವಾಗ ಬೇಕೆಂದೇ ಬಾಗಿಲು ಹಾರುಹೊಡೆದು ನಿಲ್ಲುತ್ತಾರೆ, ತನ್ನ ಮಾದರಿಗಳು ಕರಗಿ ಹಾಳಾಗಲಿ ಎಂದೇ ನಿಲ್ಲುತ್ತಾರೆ ಎಂಬುದು ಇವಳ ನಂಬಿಕೆ.

“ನಿಮ್ಮ ಸಾರ್‌ನ ಕೇಳ್ರಪ್ಪ, ಬಾಗಿಲು ಹಾಕೋಕೆ ಕೈ ನೋಯುತ್ತಾ ಅಂತ,” ಎಂದು ಅವಳು ಅವರ ವಿದ್ಯಾರ್ಥಿಗಳಿಗೆ ಹೇಳುವಳು. ದೊಡ್ಡ ಸಾರ್ ಅಲ್ಲೇ, ಕೈಗೆಟುಕುವಷ್ಟು ಹತ್ತಿರದಲ್ಲೇ ನಿಂತಿರುತ್ತಿದ್ದರು.

“ಈ ಫ್ರೀಜರು ಯಾಕೋ ತುಂಬಾ ಸದ್ದು ಮಾಡ್ತಿದೆ,” ಎಂದು ಅವರು ಗೋಡೆಗೆ ಹೇಳುವರು. “ಹಳೇದಾಯ್ತು, ಪಾಪ.”

ಸೂಜಿ ಎಂಬ ಹೆಸರು ಅವಳಿಗೆ ವಿದ್ಯಾರ್ಥಿಗಳು ಇಟ್ಟದ್ದು. ಎಂಥ ಅಡಗಿದ ನರವನ್ನಾದರೂ ಮೊದಲ ಚುಚ್ಚಿಗೇ ಹುಡುಕಿ ರಕ್ತ ತೆಗೆಯುವ ಕೈ ಅವಳದು. ನಾಲಿಗೆಯೂ ಅದೇ ಕೆಲಸ ಮಾಡುತ್ತಿತ್ತು ಅನ್ನಿ. ಆದರೆ ಹುಟ್ಟುವಾಗಲೇ ಯಾರ ನಾಲಿಗೆಯೂ ಅಷ್ಟು ಚೂಪಾಗಿರುವುದಿಲ್ಲ. ಅದನ್ನು ಮಸೆದು ಕೊಟ್ಟವರು ದೊಡ್ಡ ಸಾರ್.

ಅವಳು ಅವರ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದಾಗಿನ ಕತೆ ಅದು. ಆಗ ಎಲ್ಲರೂ ಹೆದರುತ್ತಿದ್ದದ್ದು ಕೆಂಗಣ್ಣು ಜ್ವರಕ್ಕೆ. ಮೊದಲು ಕಣ್ಣು ರಕ್ತದಂತೆ ಕೆಂಪಾಗಿ, ಆಮೇಲೆ ಮೈ ಕೆಂಡವಾಗಿ, ಹಲವರನ್ನು ಕರೆದುಕೊಂಡೇ ಹೋಗುತ್ತಿದ್ದ ಜ್ವರ. ಅದು ಬಂದು ಬದುಕಿದವರ ರಕ್ತದಲ್ಲಿ, ಆ ವೈರಾಣುವಿನ ಗುರುತನ್ನು ಮರೆಯದೆ ಇಟ್ಟುಕೊಳ್ಳುವ ನೆನಪಿನ ಜೀವಕೋಶಗಳು ಇರುತ್ತವೆ. ಅವನ್ನು ಅಳೆಯುವುದು ಅವಳ ಕೆಲಸ. ಹೋಲಿಸಿ ನೋಡಲು ಜ್ವರವೇ ಬಾರದ ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆಲ್ಲಿಗೆ ಹೋಗುವುದು? ಇಂಥ ಪ್ರಯೋಗಾಲಯಗಳಲ್ಲೆಲ್ಲ ನಡೆದುಕೊಂಡು ಬಂದ ರೂಢಿ ಒಂದಿದೆ. ಆ ಹೊತ್ತಿಗೆ ಕೋಣೆಯಲ್ಲಿ ಯಾರಿದ್ದಾರೋ ಅವರು ರಕ್ತ ಕೊಡಲು ಅಂಗಿಯ ತೋಳು ಮಡಚಿ ಕೂರುವುದು. ಅವತ್ತು ಕೂತವರು ಮೂವರು: ಜೊತೆಯ ಇಬ್ಬರು ವಿದ್ಯಾರ್ಥಿಗಳು, ಮೂರನೆಯವಳು ಅವಳೇ. ತನ್ನ ತೋಳಿಗೆ ತಾನೇ ಚುಚ್ಚಿಕೊಂಡಳು.

ಮೂವರ ರಕ್ತದಲ್ಲೂ ಆ ಜ್ವರದ ಪ್ರತಿಕಾಯ ಇದೆಯೇ ಎಂದು ಮೊದಲು ಪರೀಕ್ಷೆ ಮಾಡಿದ್ದಳು. ಇರಲಿಲ್ಲ. ಅಂದರೆ ಮೂವರಿಗೂ ಜ್ವರ ಬಂದಿಲ್ಲ, ರಕ್ತ ಚೊಕ್ಕ. ಆದರೂ ಸಮಾಧಾನವಾಗದೆ ಅಮ್ಮನಿಗೆ ಫೋನು ಮಾಡಿ ಕೇಳಿದ್ದಳು. “ಥೂ, ಬಿಡ್ತು ಅನ್ನು. ನಮ್ಮನೇಲಿ ಯಾರಿಗೂ ಬಂದಿಲ್ಲ,” ಎಂದಿದ್ದರು ಅಮ್ಮ.

ವೈರಾಣುವಿನ ಗುರುತು ಹಿಡಿದ ಜೀವಕೋಶಕ್ಕೊಂದರಂತೆ ಚುಕ್ಕೆ ಮೂಡುವ ಪ್ರಯೋಗದ ತಟ್ಟೆಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಆರೋಗ್ಯವಂತರ ಸಾಲು ಬೋಳಾಗಿರಬೇಕಿತ್ತು. ಇಬ್ಬರದ್ದರಲ್ಲಿ ಹೌದೋ ಅಲ್ಲವೋ ಎಂಬಂತೆ ಒಂದೆರಡು ಚುಕ್ಕೆ, ಮೂರನೆಯದರಲ್ಲಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ಜ್ವರವೇ ಬಾರದವರ ಮೈಗೂ ಆ ವೈರಾಣುವಿನ ಗುರುತಿದೆ! ಅವಳು ದೊಡ್ಡ ಸಾರ್ ಕೋಣೆಗೆ ಓಡಿ, ಏದುಸಿರು ಬಿಡುತ್ತಾ, “ಸಾರ್, ಕಂಡೇ ಇರದ ಶತ್ರುವಿನ ಮುಖ ಮೈಗೆ ಗೊತ್ತಿದೆ ಸಾರ್,” ಎಂದಿದ್ದಳು.

ಪ್ರಬಂಧ ಪ್ರಕಟವಾದಾಗ ಆ ಮಾತು ಅದರ ಮೊದಲ ಸಾಲಾಗಿತ್ತು. ಕೆಳಗೆ ಹೆಸರು ಮಾತ್ರ ಅವರೊಬ್ಬರದು. ಕೊನೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಅವಳ ತಾಂತ್ರಿಕ ನೆರವಿಗೆ ಕೃತಜ್ಞತೆ. ಹಾಗೆ ನೋಡಿದರೆ ಆ ಪ್ರಬಂಧದಲ್ಲಿ ಅವಳು ಎರಡು ಕಡೆ ಇದ್ದಳು. ಒಂದು ಕೃತಜ್ಞತೆಯಲ್ಲಿ, ಇನ್ನೊಂದು ಹೆಸರಿಲ್ಲದ ಮೂರನೇ ದಾನಿಯಾಗಿ.

ದೊಡ್ಡ ಸಾರ್ ನಿಜವಾಗಿ ದೊಡ್ಡವರಾದದ್ದು ಅದರಿಂದಲೇ. ಪದಕಗಳು ಬಂದವು, ಕರೆದ ಕಡೆಯೆಲ್ಲ ಭಾಷಣಗಳಾದವು. ಬೇರೆ ಊರಿನವರು ಅದೇ ಪ್ರಯೋಗ ಮಾಡಿ ನಮಗೆ ಹಾಗೇನೂ ಕಾಣಲಿಲ್ಲವಲ್ಲ ಎಂದರೆ, “ಕುಣಿಯಲಾರದವರಿಗೆ ನೆಲ ಡೊಂಕು,” ಎಂದು ನಕ್ಕುಬಿಡುತ್ತಿದ್ದರು. ಅವಳು ಜಗಳವಾಡಿದಳು. ಅಲ್ಲಿಂದ ಶುರುವಾಯಿತು. ಅವರು ಅವಳ ಬಗ್ಗೆ ಬರೆದ ಶಿಫಾರಸು ಪತ್ರಗಳಲ್ಲಿ ಅವಳು ‘ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವವಳು’. ಹೊಗಳಿಕೆಯ ವೇಷ ಹಾಕಿಕೊಂಡು ಕತ್ತು ಕೊಯ್ಯುವ ಮಾತು ಅದು. ಅವಳು ಪತ್ರಿಕೆಗಳಿಗೆ ಕಳಿಸಿದ ಬರಹಗಳನ್ನೆಲ್ಲ ಹೆಸರು ಹೇಳದ ಒಬ್ಬ ವಿಮರ್ಶಕ ತಿರಸ್ಕರಿಸುತ್ತಿದ್ದ. ಅವನ ಟಿಪ್ಪಣಿ ಪ್ರತಿಸಲವೂ ‘ಉತ್ಸಾಹ ಮೆಚ್ಚತಕ್ಕದ್ದೇ, ಆದರೆ’ ಎಂದೇ ಶುರುವಾಗುತ್ತಿತ್ತು. ಅವಳ ಮಹಾಪ್ರಬಂಧದ ಪುಟಪುಟದ ಅಂಚಿನಲ್ಲೂ ದೊಡ್ಡ ಸಾರ್ ಕೆಂಪು ಶಾಯಿಯಲ್ಲಿ ಬರೆದಿದ್ದದ್ದು ಅದನ್ನೇ. ಬಡ್ತಿ ಎರಡು ಸಲ ಕೈತಪ್ಪಿತು. ಅವರಿಗೇನೂ ಕಡಿಮೆಯಿಲ್ಲದಂತೆ ಅವಳೂ ಹಗೆ ಸಾಕಿದಳು. ಅವರ ಭಾಷಣವಿದ್ದಲ್ಲೆಲ್ಲ ಮುಂದಿನ ಸಾಲಿನಲ್ಲಿ ಕೂತು, ಪ್ರಶ್ನೆ ಕೇಳುವ ಹೊತ್ತಿಗೆ ಎದ್ದು ನಿಂತು, “ಆ ರಕ್ತ ಯಾರು ತೆಗೆದದ್ದು ಸಾರ್?” ಎಂದು ಕೇಳುವಳು. ಸಭೆ ನಗುತ್ತಿತ್ತು. ಅವರು ನೀರು ಕುಡಿಯುತ್ತಿದ್ದರು. ಒಂದು ದಿನವೂ ಉತ್ತರ ಹೇಳಲಿಲ್ಲ.

ಈಗ ದೊಡ್ಡ ಸಾರ್ ನಿವೃತ್ತಿಗೆ ಬಂದಿದ್ದರು. ಅವರ ಶೋಧವನ್ನೇ ನಂಬಿ ಒಂದು ಹೊಸ ಲಸಿಕೆ ತಯಾರಾಗುತ್ತಿತ್ತು. ಮೈಯಲ್ಲಿ ಮೊದಲೇ ಇರುವ ಆ ಗುರುತನ್ನು ಎಬ್ಬಿಸಿದರೆ ಸಾಕು, ಸಣ್ಣ ಪ್ರಮಾಣದ ಲಸಿಕೆಯೇ ಸಾಕು ಎಂಬುದು ಲೆಕ್ಕಾಚಾರ. ಜನರಿಗೆ ಕೊಟ್ಟು ನೋಡುವುದು ಇನ್ನು ಕೆಲವು ತಿಂಗಳಲ್ಲಿ. ಶೋಧ ಯಾರದೆಂದು ತೀರ್ಮಾನವಾಗುತ್ತದೋ ಅವರೇ ಆ ಯೋಜನೆಯ ಮುಖ್ಯಸ್ಥರು. ಅವಳು ಕೊನೆಗೂ ಲಿಖಿತ ದೂರು ಕೊಟ್ಟಳು. ಸಂಸ್ಥೆ ಮೂವರ ವಿಚಾರಣಾ ಸಮಿತಿ ಮಾಡಿ, ನಿವೃತ್ತ ನ್ಯಾಯಾಧೀಶೆಯೊಬ್ಬರನ್ನು ಅಧ್ಯಕ್ಷೆ ಮಾಡಿತು. ಅಂದು ತೋಳು ಮಡಚಿ ಕೂತಿದ್ದ ಇಬ್ಬರು ಹಳೆಯ ಸಹಪಾಠಿಗಳೂ ಬಂದು, ಯೋಚನೆ ಅವಳದು, ಕೈ ಅವಳದು, ಬರಹವೂ ಅವಳದು ಎಂದು ಸಾಕ್ಷಿ ಹೇಳಿಹೋದರು. ಕೊನೆಯ ಸಭೆ ಗುರುವಾರ. ಗೆಲುವು ಅವಳದೇ ಎಂದು ಕಾರಿಡಾರಿನ ಗೋಡೆಗಳಿಗೂ ಗೊತ್ತಾಗಿತ್ತು.

ಆ ಭಾನುವಾರ ಅವಳ ಮಗಳು ಈಜುಕೊಳದಿಂದ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ನೀರಿಗೆ ಹಾಕುವ ಔಷಧಿಯ ಉರಿ, ಮತ್ತೇನಲ್ಲ. ಅಮ್ಮ ಮೊಮ್ಮಗಳನ್ನು ಅಡುಗೆಮನೆಯ ಮಣೆಯ ಮೇಲೆ ಕೂರಿಸಿ ತಣ್ಣೀರಿನ ಬಟ್ಟೆ ಇಟ್ಟರು. ಅವಳು ಅಲ್ಲೇ ನಿಂತು, ಗುರುವಾರ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆಯುತ್ತಾ ಈರುಳ್ಳಿ ಹೆಚ್ಚುತ್ತಿದ್ದಳು.

“ಥೇಟ್ ನಿನ್ನ ಕಣ್ಣು ಆಗಿದ್ದ ಹಾಗೇ ಆಗಿದೆ ನೋಡು,” ಎಂದರು ಅಮ್ಮ.

“ನಂಗೆ ಯಾವಾಗಮ್ಮ ಆಗಿತ್ತು?”

“ಆಗ, ಹಳೇ ಮನೇಲಿದ್ದಾಗ. ನೀನು ಇನ್ನೂ ಶಾಲೆಗೆ ಸೇರಿರಲಿಲ್ಲ. ಮೈ ಮುಟ್ಟಿದ್ರೆ ಕೈ ಸುಡೋದು.”

ಈರುಳ್ಳಿ ಹೆಚ್ಚುವುದು ನಿಂತಿತು. “ಯಾವ ಜ್ವರಾಮ್ಮ ಅದು?”

“ಅದೇ ಕಣೆ, ಕೆಂಗಣ್ಣು.” ಅಮ್ಮ ಬಟ್ಟೆ ಹಿಂಡುತ್ತಾ ಹೇಳಿದರು. “ಆಗೆಲ್ಲ ಜ್ವರ ಬಂದ ಮಕ್ಕಳನ್ನ ಗಾಡೀಲಿ ಹಾಕ್ಕೊಂಡು ಹೋಗ್ತಿದ್ರು. ಎದುರುಮನೆ ಹುಡುಗನ್ನ ಕರ್ಕೊಂಡು ಹೋದ್ರು, ಅವನು ವಾಪಸ್ ಬರಲೇ ಇಲ್ಲ. ನಾನು ನಿನ್ನ ಹಿಂದಿನ ಕೋಣೇಲಿ ಬಚ್ಚಿಟ್ಟು, ಕಿಟಕಿಗೆಲ್ಲ ಕಂಬಳಿ ಕಟ್ಟಿ, ಮಗಳು ಚಿಕ್ಕಮ್ಮನ ಮನೆಗೆ ಹೋಗಿದಾಳೆ ಅಂತ ಎಲ್ಲರ ಹತ್ರ ಹೇಳಿದೆ.”

“ನಾನು ಫೋನ್ ಮಾಡಿ ಕೇಳಿದ್ದೆ! ಓದ್ತಿದ್ದಾಗ. ನಮ್ಮನೇಲಿ ಯಾರಿಗೂ ಬಂದಿಲ್ಲ ಅಂದೆ ನೀನು.”

“ಅದು ಬಾಯಲ್ಲಿ ಕೂತ್ಬಿಟ್ಟಿತ್ತು. ಎಷ್ಟು ಜನಕ್ಕೆ ಹಾಗೆ ಹೇಳಿದ್ದೆ ಗೊತ್ತಾ? ಮನೆಮನೆಗೆ ಬಂದು ಕೇಳೋರು. ಕೊನೆಗೆ ನಂಗೇ ಅದು ನಿಜ ಅನ್ನಿಸಿಬಿಡ್ತು.”

“ಅಮ್ಮಾ, ನೀನು ಏನು ಮಾಡಿದೀಯ ಅಂತ ಗೊತ್ತಾ ನಿಂಗೆ?” ಎಂದು ಅವಳು ಕಿರುಚಿದಳು. ಮಗಳು ಕಣ್ಣಿನ ಬಟ್ಟೆ ಸರಿಸಿ ಹೆದರಿ ನೋಡಿದಳು.

“ಗೊತ್ತು,” ಎಂದರು ಅಮ್ಮ, ಅವಳಷ್ಟೇ ಗಟ್ಟಿಯಾಗಿ. “ನಿನ್ನ ಉಳಿಸ್ಕೊಂಡೆ. ಅದಕ್ಕೂ ಬೈಸ್ಕೋಬೇಕಾ?”

ಅವಳಿಗೆ ಆಗಲೇ ಎಲ್ಲ ತಿಳಿದುಹೋಗಿತ್ತು. ಪ್ರತಿಕಾಯಗಳು ವರ್ಷ ಕಳೆದಂತೆ ಆರಿಹೋಗುತ್ತವೆ, ನೆನಪಿನ ಜೀವಕೋಶಗಳು ಉಳಿಯುತ್ತವೆ. ಇದನ್ನು ಅವಳೇ ಈಗ ಮಕ್ಕಳಿಗೆ ಪಾಠ ಮಾಡುತ್ತಾಳೆ. ಆ ದಿನ ರಕ್ತ ಚೊಕ್ಕವೆಂದು ಹೇಳಿದ್ದ ಪರೀಕ್ಷೆಗೆ ಮೂರನೇ ದಾನಿಯ ಹಳೆಯ ಜ್ವರ ಕಾಣಿಸಿರಲಿಲ್ಲ, ಅಷ್ಟೇ. ಕಂಡೇ ಇರದ ಶತ್ರುವೇನಲ್ಲ ಅದು. ಕಂಬಳಿ ಕಟ್ಟಿದ ಕೋಣೆಯಲ್ಲಿ ಮೈಗೆ ಮೈ ತಾಗಿಸಿ ಹೊಡೆದಾಡಿದ ಶತ್ರು.

ಸೋಮವಾರ ಬಾಗಿಲು ಹಾಕಿಕೊಂಡು ತನ್ನ ತೋಳಿಗೆ ಮತ್ತೆ ಸೂಜಿ ಹಾಕಿಕೊಂಡಳು. ಕೆಂಗಣ್ಣಿನ ವೈರಾಣುವಿನಲ್ಲಿ ಮಾತ್ರ ಇರುವ, ಬೇರೆ ಯಾವುದರಲ್ಲೂ ಇಲ್ಲದ ತುಣುಕುಗಳು ಈಗ ಕೊಳ್ಳಲು ಸಿಗುತ್ತವೆ. ಅವುಗಳ ಗುರುತು ಹಿಡಿಯಬೇಕಾದರೆ ಆ ಜ್ವರವೇ ಬಂದಿರಬೇಕು, ಬೇರೆ ದಾರಿಯಿಲ್ಲ. ಹೋಲಿಕೆಗೆ ಒಬ್ಬ ವಿದ್ಯಾರ್ಥಿನಿಯ ರಕ್ತವನ್ನೂ ತೆಗೆದುಕೊಂಡಳು, ಈ ಸಲ ಅವಳ ತಾಯಿಯ ಜೊತೆ ತಾನೇ ಮಾತಾಡಿ. ಬುಧವಾರ ತಟ್ಟೆ ತೆಗೆದು ಕಿಟಕಿಗೆ ಹಿಡಿದಳು. ಹುಡುಗಿಯ ಸಾಲು ಬೋಳು. ತನ್ನ ಸಾಲಿನಲ್ಲಿ ಅದೇ ಚುಕ್ಕೆಗಳು, ಅದೇ ಎಳ್ಳು. ಮುದುಕಿಯಾಗುವ ಹೊತ್ತಿಗೆ ಬಂದ ಹಳೇ ಪರಿಚಯದವರ ಹಾಗೆ ಅವನ್ನು ನೋಡುತ್ತಾ ಕೂತಳು. ಆಮೇಲೆ ಸ್ಟೂಲನ್ನು ಒದ್ದಳು. ಅದು ಉರುಳಿಕೊಂಡು ಹೋಗಿ ಗೋಡೆಗೆ ಬಡಿದು ನಿಂತಿತು.

ಅವಳ ಗಂಡ ವಿಮಾ ಕಂಪನಿಯಲ್ಲಿ ನಷ್ಟ ಅಂದಾಜು ಮಾಡುವವನು. ಬೆಂಕಿ ಬಿದ್ದ ಗೋದಾಮು, ಮುಳುಗಿದ ಲಾರಿ ಇಂಥವನ್ನೇ ನೋಡಿ ನೋಡಿ ಅವನ ಬುದ್ಧಿ ಒಂದು ದಾರಿಗೆ ಬಂದಿತ್ತು. ಸಂಜೆ ಎಲ್ಲ ಕೇಳಿದ ಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ.

“ಇದಕ್ಯಾಕೆ ಅಳ್ತೀಯ? ನಿಂಗೆ ಲಾಟರಿ ಹೊಡೆದಿದೆ. ಸುಟ್ಟುಹೋದ ಗೋದಾಮಿಗೆ ನಾನೇ ಯಜಮಾನ ಅಂತ ಯಾರಾದ್ರೂ ಓಡಿಹೋಗ್ತಾರಾ? ನಾಳೆ ಹೋಗಿ ದೂರು ವಾಪಸ್ ತಗೋ. ಎಲ್ಲಾ ಅವರದ್ದೇ, ನಾನು ಬರೀ ಸೂಜಿ ಹಿಡಿದವಳು ಅನ್ನು. ಅವರು ಸಹಿ ಮಾಡಿ ಒಪ್ಕೊಳ್ಳಲಿ. ಮಾರನೇ ದಿನ ತಪ್ಪು ಬಯಲು ಮಾಡು. ಮುದುಕಪ್ಪ ಪದಕಗಳ ಸಮೇತ ಮುಳುಗ್ತಾನೆ.”

ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಇಷ್ಟು ವರ್ಷ ಎಷ್ಟು ಯೋಚಿಸಿದರೂ ಇಂಥ ಸೇಡು ಅವಳಿಗೆ ಹೊಳೆದಿರಲಿಲ್ಲ. ಊಟ ರುಚಿಸಿತು. ನಿದ್ದೆಯೂ ಬಂತು.

ಗುರುವಾರ ಸಮಿತಿ ಸೇರಿದ್ದು ಆಡಳಿತ ಕಟ್ಟಡದ ಉದ್ದನೆಯ ಕೋಣೆಯಲ್ಲಿ. ಮೇಜಿನ ತಲೆಯಲ್ಲಿ ಅಧ್ಯಕ್ಷೆ, ಆಚೀಚೆ ಹೊರಗಿನಿಂದ ಬಂದ ಇಬ್ಬರು ಪ್ರಾಧ್ಯಾಪಕರು, ಮೂಲೆಯಲ್ಲಿ ನಡಾವಳಿ ಟೈಪು ಮಾಡುವ ಗುಮಾಸ್ತ. ದೊಡ್ಡ ಸಾರ್ ಇಸ್ತ್ರಿ ಮಾಡಿದ ಕೋಟಿನಲ್ಲಿ ಬಂದಿದ್ದರು. ಅವಳ ಕಡೆ ನೋಡದೆ, ಅವಳ ಪಕ್ಕದ ಖಾಲಿ ಕುರ್ಚಿಗೆ ನಮಸ್ಕಾರ ಮಾಡಿದರು.

“ನೀವು ಮೊದಲು ಹೇಳಿ ಪ್ರೊಫೆಸರ್,” ಎಂದರು ಅಧ್ಯಕ್ಷೆ.

ಅವರು ಗಂಟಲು ಸರಿಮಾಡಿಕೊಂಡರು. ಸಾಕ್ಷಿಗಳು ತಿರುಗಿಬಿದ್ದ ಮೇಲೆ ಉಳಿದದ್ದು ಕಣ್ಣೀರಿನ ದಾರಿ ಎಂದು ಅವರಿಗೂ ಗೊತ್ತಿತ್ತು. “ಮೇಡಂ, ಆ ದಿನ ನಾನು ಸಾಯೋವರೆಗೂ ಮರೆಯಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆ ತಟ್ಟೇನ ನಾನೇ, ಈ ಕೈಯಲ್ಲೇ ಕಿಟಕಿ ಬೆಳಕಿಗೆ ಹಿಡಿದೆ. ಬೋಳಾಗಿರಬೇಕಾದ ಸಾಲಲ್ಲಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ! ಕೈ ನಡುಗ್ತಿತ್ತು ನಂಗೆ. ಕಂಡೇ ಇರದ ಶತ್ರುವಿನ ಮುಖ ಮೈಗೆ ಗೊತ್ತಿದೆ ಅಂತ ನನ್ನಷ್ಟಕ್ಕೆ ನಾನೇ ಹೇಳ್ಕೊಂಡೆ. ಹೆತ್ತ ಮಗು ಮೇಡಂ ಅದು ನಂಗೆ.” ಕರವಸ್ತ್ರ ತೆಗೆದು ಕಣ್ಣು ಒತ್ತಿಕೊಂಡರು.

ಅವಳ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಹೌದು ಮೇಡಂ, ಎಲ್ಲ ಅವರದ್ದೇ. ಅಷ್ಟು ಹೇಳಿ ಎದ್ದುಬಂದರೆ ಮುಗಿಯಿತು, ಮುದುಕ ಮುಳುಗಿದ. ಆದರೆ ಎಳ್ಳು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಆ ಕಿಟಕಿ ಅವಳದು. ಆ ನಡುಕ ಅವಳದು. ಏನೂ ತಿನ್ನದೆ ನಿಂತಿದ್ದವಳು ಅವಳು. ಈ ಮನುಷ್ಯ ಹೆಸರು ತಿಂದದ್ದು ಸಾಲದೆ ಈಗ ಅವಳ ಆ ಬೆಳಗನ್ನೂ ನುಂಗಿ ತೇಗುತ್ತಿದ್ದಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣವೇ ಇರಲಿ, ಹೆತ್ತವಳು ತಾನು. ಅದನ್ನು ಇನ್ನೊಬ್ಬರ ತೊಡೆಯ ಮೇಲೆ ನೋಡಿಕೊಂಡು ಅವಳಿಂದ ಸುಮ್ಮನಿರಲಾಗಲಿಲ್ಲ.

“ಸುಳ್ಳು,” ಎಂದಳು. “ಆ ತಟ್ಟೆ ಹಿಡಿದದ್ದು ನಾನು. ಆ ಮಾತು ಹೇಳಿದ್ದು ನಾನು. ಇವರು ಆಗ ಕೋಣೇಲಿ ಪೇಪರ್ ಓದ್ತಾ ಇದ್ರು. ಆ ಶೋಧ ಪೂರ್ತಿ ನಂದು.” ಒಮ್ಮೆ ಉಸಿರು ತೆಗೆದುಕೊಂಡಳು. “ಮತ್ತೆ, ಅದು ತಪ್ಪು.”

ಗುಮಾಸ್ತನ ಬೆರಳುಗಳು ನಿಂತವು. ಅಧ್ಯಕ್ಷೆ ಕನ್ನಡಕ ತೆಗೆದರು. “ಏನು ತಪ್ಪು?”

ಅವಳು ಹೇಳಿದಳು. ಮೂರನೇ ದಾನಿ ತಾನೇ ಎಂಬುದು, ಹಿಂದಿನ ಕೋಣೆ, ಕಂಬಳಿ, ಅಮ್ಮ ಫೋನಿನಲ್ಲಿ ಹೇಳಿದ ಸುಳ್ಳು, ಆರಿಹೋದ ಪ್ರತಿಕಾಯ, ಬುಧವಾರದ ತಟ್ಟೆ. ಜ್ವರ ಬಾರದವರ ಮೈಗೆ ಯಾವ ಗುರುತೂ ಇಲ್ಲ. ಆ ಲೆಕ್ಕದ ಮೇಲೆ ಸಣ್ಣ ಪ್ರಮಾಣದ ಲಸಿಕೆ ಕೊಟ್ಟರೆ, ಚುಚ್ಚಿಸಿಕೊಂಡವರು ಜೀವ ಕಾಪಾಡಿಕೊಂಡೆವೆಂದು ನಂಬಿ ಜ್ವರಕ್ಕೆ ಬಲಿಯಾಗುತ್ತಾರೆ. ಹೇಳುತ್ತಾ ಹೇಳುತ್ತಾ ಅವಳಿಗೆ ತನ್ನ ಇಡೀ ಬದುಕು ಕೊಚ್ಚಿಕೊಂಡು ಹೋಗುವುದು ಕಾಣುತ್ತಿತ್ತು. ಬಡ್ತಿಯಿಲ್ಲ, ಯೋಜನೆಯಿಲ್ಲ. ಇನ್ನು ಮುಂದೆ ಅವಳು ತನ್ನದೇ ರಕ್ತ ನೋಡಿ ಮೋಸಹೋದವಳು.

ಹೊರಗಿನಿಂದ ಬಂದ ಪ್ರಾಧ್ಯಾಪಕರಲ್ಲಿ ಒಬ್ಬರು ಮೆಲ್ಲಗೆ ತಲೆಯಾಡಿಸಿದರು. “ಸರಿಯಾಗೇ ಹೇಳ್ತಿದಾರೆ. ನಾವು ಅದೇ ಪ್ರಯೋಗ ಮಾಡಿದಾಗ ಆ ಚುಕ್ಕೆ ಬರದೇ ಇದ್ದದ್ದು ಅದಕ್ಕೇ.”

ದೊಡ್ಡ ಸಾರ್ ಕರವಸ್ತ್ರ ಮಡಚಿ ಜೇಬಿಗಿಟ್ಟರು. ಮುಖದ ಮೇಲೆ ಲೆಕ್ಕವೊಂದು ಓಡಿಹೋದದ್ದು ಕೋಣೆಗೆಲ್ಲ ಕಂಡಿತು. ಊಸರವಳ್ಳಿಯೂ ಬಣ್ಣ ಬದಲಿಸಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

“ನೋಡಿ ಮೇಡಂ,” ಎಂದರು ಅವರು, “ನಾನು ಮೊದಲಿಂದಲೂ ಇದನ್ನೇ ಹೇಳ್ತಾ ಬಂದಿರೋದು. ಆ ಕೆಲಸ ಪೂರ್ತಿ ಇವರದ್ದೇ.”

“ಈಗ ತಾನೇ ನಿಮ್ಮ ಹೆತ್ತ ಮಗು ಅಂದ್ರಿ?”

“ಅದು ಭಾವನೆ ಮೇಡಂ. ಗುರು ಅನ್ನೋ ಭಾವನೆ. ಕೆಲಸ ಇವರದ್ದು. ರಕ್ತ ತೆಗೆದದ್ದು, ತಟ್ಟೆ ನೋಡಿದ್ದು, ಬರೆದದ್ದು, ಎಲ್ಲಾ ಇವರೇ. ನಾನು ಆಗ,” ಎಂದು ಒಂದು ಗಳಿಗೆ ತಡೆದರು, “ಕೋಣೇಲಿ ಪೇಪರ್ ಓದ್ತಾ ಇದ್ದೆ.”

ಯಾರೂ ನಗಲಿಲ್ಲ. ಅವಳೊಬ್ಬಳಿಗೆ ನಗು ಉಕ್ಕಿ ಬಂತು, ಅದನ್ನು ನುಂಗಿದಳು. ಎಷ್ಟೋ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಎದ್ದು ಕೇಳಿದ ಪ್ರಶ್ನೆಗೆ ಇವತ್ತು ಉತ್ತರ ಬಂದಿತ್ತು.

“ಬರ್ಕೊಳ್ಳಿ,” ಎಂದಳು ಗುಮಾಸ್ತನಿಗೆ. ಅವನು ಅಧ್ಯಕ್ಷೆಯ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಟೈಪು ಮಾಡಿ, ರೂಢಿಯಂತೆ ಗಟ್ಟಿಯಾಗಿ ಓದಿದ: “ಸದರಿ ಶೋಧವು ಆದಿಯಿಂದ ಅಂತ್ಯದವರೆಗೆ ದೂರುದಾರರದೇ ಎಂದು ಪ್ರಾಧ್ಯಾಪಕರು ಒಪ್ಪಿರುತ್ತಾರೆ. ಸದರಿ ಶೋಧವು ತಪ್ಪೆಂದು ದೂರುದಾರರು ತಿಳಿಸಿರುತ್ತಾರೆ.”

“ಮೊದಲನೇ ಸಾಲು ಇನ್ನೊಂದ್ಸಲ ಓದಿ,” ಎಂದಳು ಅವಳು.

ಅವನು ಓದಿದ. ದೊಡ್ಡ ಸಾರ್ ಮೇಜನ್ನು ನೋಡುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಮಗಳು ಹುಟ್ಟುವ ಮುಂಚಿನಿಂದ ಆ ಒಂದು ಸಾಲಿಗಾಗಿ ಕಾದಿದ್ದಳು. ಎಲ್ಲವೂ ಹೋದ ದಿನ ಅದು ಅವಳ ಕೈಗೆ ಬಂದಿತ್ತು. ನಾಚಿಕೆಯ ಮಾತೆಂದರೆ, ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಅಳು ಬರುವಷ್ಟು ಸಂತೋಷವಾಯಿತು.

ಗುಮಾಸ್ತ ಹಾಳೆ ತಂದು ಮುಂದಿಟ್ಟ. ಅವಳು ಪೂರ್ತಿ ಹೆಸರು ಬರೆದು, ದೊಡ್ಡದಾಗಿ ಸಹಿ ಮಾಡಿದಳು. ಆಮೇಲೆ ಲಸಿಕೆಯವರಿಗೆ ಫೋನು ಮಾಡಲು ಎದ್ದು ಹೊರಗೆ ಹೋದಳು.